ಎರಡು ಮಂಚಗಳ ಕೋಣೆಯ ಮೂರನೆಯ ಹುಡುಗಿ

ಪುಣೆಯ ಹುಡುಗಿಯರ ಹಾಸ್ಟೆಲೊಂದರ ಮಾನ್ಯ ರೆಕ್ಟರ್ ಅವರೇ,

ಕಳೆದ ಶನಿವಾರ ನಿಮ್ಮ ಹಾಸ್ಟೆಲಿನ ಇಪ್ಪತ್ತಾರನೆಯ ಕೋಣೆಯಿಂದ ಸುನಂದಾ ಪಾವರಾ ಎಂಬ ಹತ್ತೊಂಬತ್ತರ ಹುಡುಗಿಯನ್ನು ಹೊರಗೆ ಹಾಕಿದಿರಿ. ಅಷ್ಟಕ್ಕೇ ತೃಪ್ತಿಯಾಗಲಿಲ್ಲ. ವೇಟಿಂಗ್ ಲಿಸ್ಟಿನಲ್ಲಿ ಏಳನೆಯದಾಗಿದ್ದ ಅವಳ ಹೆಸರನ್ನು ಈ ವರ್ಷಕ್ಕೂ ಮುಂದಿನ ವರ್ಷಕ್ಕೂ ಸೇರಿಸಿ ಹೊಡೆದುಹಾಕಿದಿರಿ. ನವೆಂಬರ್ ಹನ್ನೆರಡಕ್ಕೆ ಅವಳ ರಸಾಯನಶಾಸ್ತ್ರದ ಪ್ರಾಯೋಗಿಕ ಪರೀಕ್ಷೆ. ಅಷ್ಟರೊಳಗೆ ತಲೆಯ ಮೇಲೊಂದು ಸೂರು ಸಿಗದಿದ್ದರೆ ಅವಳು ಊರಿಗೆ ಹೋಗುತ್ತಾಳೆ. ನಂದುರ್‌ಬಾರ್ ಜಿಲ್ಲೆಯ ಧಡಗಾಂವದ ಗುಡ್ಡಗಳ ಆಚೆಗಿನ ಆ ಊರಿಗೆ ಓದು ಬಿಟ್ಟು ಹೋದ ಹುಡುಗಿ ಮತ್ತೆ ಓದಲು ಬರುವುದಿಲ್ಲ. ಇದು ನಿಮಗೂ ಗೊತ್ತು, ನನಗೂ ಗೊತ್ತು. ಮಂಚ ಸಿಗದವಳು ಮಂಚ ಸಿಕ್ಕ ಗೆಳತಿಯರ ಜೊತೆ ಮಲಗಿದಳು, ಅವಳ ಅಪರಾಧ ಇಷ್ಟೇ. ನಿಮ್ಮ ನೋಟಿಸಿನಲ್ಲಿ ಅವಳಿಗಿಟ್ಟ ಹೆಸರು ಪ್ಯಾರಾಸೈಟ್, ಅಂದರೆ ಪರೋಪಜೀವಿ.

ಆ ಕೋಣೆಯ ಎರಡು ಮಂಚಗಳಲ್ಲಿ ಒಂದು ನನ್ನ ತಂಗಿ ಪ್ರಾಜಕ್ತಾಳದು, ಇನ್ನೊಂದು ನಾಶಿಕದ ಗಾರ್ಗಿಯದು. ನಮ್ಮ ತಾಯಿ ತೀರಿಕೊಂಡಾಗ ಪ್ರಾಜಕ್ತಾ ಎರಡನೆಯ ತರಗತಿಯಲ್ಲಿದ್ದಳು. ತಂದೆಗೆ ಕಾಗದಪತ್ರವೆಂದರೆ ಜ್ವರ ಬರುತ್ತದೆ. ಹೀಗಾಗಿ ಅವಳ ಶಾಲೆಯಿಂದ ಹಿಡಿದು ನಿಮ್ಮ ಹಾಸ್ಟೆಲಿನವರೆಗೆ ಪೋಷಕರ ಕಾಲಂನಲ್ಲಿ ಇರುವುದು ನನ್ನ ಹೆಸರು. ನನಗೆ ಇಪ್ಪತ್ತೆಂಟು. ಬಾರ್ಶಿ ಡಿಪೋದಲ್ಲಿ ರಾಜ್ಯ ಸಾರಿಗೆಯ ಎಸ್.ಟಿ. ಬಸ್ಸಿನ ಕಂಡಕ್ಟರ್. ಕಾಲೇಜಿನ ಮೆಟ್ಟಿಲು ನಾನು ಹತ್ತಿಲ್ಲ. ನನ್ನ ಓದೆಲ್ಲ ಸೀಟಿನ ಮೇಲೆ ಜನ ಬಿಟ್ಟುಹೋದ ಕರಪತ್ರಗಳು ಮತ್ತು ನಮ್ಮ ಯೂನಿಯನ್ನಿನ ಪುಸ್ತಿಕೆಗಳು. ಅವುಗಳಲ್ಲಿ ಸಮಾನತೆ ಎಂಬ ಪದ ಬಹಳ ಸಲ ಬರುತ್ತದೆ. ಆ ಪದಕ್ಕೆ ಎಷ್ಟು ಜಾಗ ಬೇಕಾಗುತ್ತದೆ ಎಂಬುದನ್ನು ಮಾತ್ರ ನಾನು ನಿಮ್ಮ ಇಪ್ಪತ್ತಾರನೆಯ ಕೋಣೆಯಲ್ಲಿ ನೋಡಿದೆ. ಎರಡು ಮಂಚ ಜೋಡಿಸಿ, ಉದ್ದಕ್ಕೆ ಮಲಗುವ ಬದಲು ಅಡ್ಡಕ್ಕೆ ಮಲಗಿದರೆ ಮೂವರು ಹುಡುಗಿಯರು ಹಿಡಿಯುತ್ತಾರೆ. ಕಾಲು ಸ್ವಲ್ಪ ಹೊರಗೆ ಚಾಚುತ್ತದೆ. ಅದಕ್ಕೆ ಅವರು ತಮ್ಮ ಟ್ರಂಕುಗಳನ್ನು ಇಟ್ಟುಕೊಂಡಿದ್ದರು.

ಪ್ಯಾರಾಸೈಟ್ ಎಂಬ ಪದ ಪುಣೆಯ ಹಾಸ್ಟೆಲುಗಳಲ್ಲಿ ಹೊಸದಲ್ಲ ಎಂದು ನೀವು ಹೇಳಬಹುದು. ಹೌದು, ಹೊಸದಲ್ಲ. ಮಂಚ ಸಿಗದ ಗೆಳತಿಯನ್ನು ಸೇರಿಸಿಕೊಂಡವರು ಅವಳನ್ನು ಹಾಗೆ ಕರೆಯುತ್ತಾರೆ, ಕರೆಸಿಕೊಂಡವಳೂ ನಗುತ್ತಾಳೆ. ತಂಗಿಯನ್ನು ಬಿಟ್ಟುಬಂದ ಮೇಲೆ ಜುಲೈನಲ್ಲಿ ನಾನು ಮತ್ತೆ ಕೋಣೆಗೆ ಹೋದಾಗ ಗಾರ್ಗಿ ಸುನಂದಾಳ ಪರಿಚಯ ಮಾಡಿಕೊಟ್ಟಿದ್ದೇ ಹಾಗೆ: "ಅಕ್ಕ, ಇವಳು ನಮ್ಮ ಪ್ಯಾರಾಸೈಟ್. ಬೆಳಗ್ಗೆ ಎದ್ದು ಗಾದಿ ಬಿಸಿಲಿಗೆ ಹಾಕೋಳು ಇವಳು, ಮಂಚದ ಒಡತಿಯರು ನಾವು ಬಿದ್ಕೊಂಡಿರ್ತೀವಿ." ಸುನಂದಾ ತಲೆ ಎತ್ತದೆ, "ಇವರಿಬ್ಬರನ್ನ ಎಬ್ಬಿಸೋಕೇ ನನ್ನನ್ನ ಇಟ್ಕೊಂಡಿದಾರೆ ಅಕ್ಕ, ಸಂಬಳ ಇಲ್ಲ" ಅಂದಳು. ಮೂವರೂ ನಕ್ಕರು, ನಾನೂ ನಕ್ಕೆ. ಗೆಳತಿಯ ಬಾಯಿಯ ಈ ತಮಾಷೆಗೆ ಕಚೇರಿಯ ಕ್ರಮಸಂಖ್ಯೆ ಹಾಕಿ, ಮೊಹರು ಒತ್ತಿ, ಇನ್ನೊಂದು ಜಿಲ್ಲೆಯ ಮನೆಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ ಮೇಲೆ ಅದು ತಮಾಷೆಯಾಗಿ ಉಳಿಯುತ್ತದೆಯೇ? "ನಿಮ್ಮ ಸುಪರ್ದಿನಲ್ಲಿರುವ ವಿದ್ಯಾರ್ಥಿನಿಯ ಕೋಣೆಯಲ್ಲಿ ಪ್ಯಾರಾಸೈಟ್ ಪತ್ತೆಯಾಗಿದೆ" ಎಂದು ನೀವು ಬರೆದಿದ್ದಿರಿ. ಕಾಗದ ಓದಿಸಿಕೊಂಡ ನಮ್ಮ ತಂದೆ, ಹುಡುಗಿಯ ತಲೆಯಲ್ಲಿ ಹೇನಾಗಿರಬೇಕು, ಸೀಮೆಎಣ್ಣೆ ಕಳಿಸೋಣವೇ ಎಂದು ಕೇಳಿದರು. ಅವರಿಗೆ ನಾನು ಏನು ವಿವರಿಸಲಿ?

ಈಗ ಆ ಹೇನಿನ ಕಥೆ ಕೇಳಿ. ಆಗಸ್ಟಿನಲ್ಲಿ ಪ್ರಾಜಕ್ತಾಳಿಗೆ ಕಾಮಾಲೆ ಬಂತು. ಮೂರು ದಿನ ಅವಳು ಮೆಸ್ಸಿಗೆ ಹೋಗಲಿಲ್ಲ, ಹಾಜರಿ ಪುಸ್ತಕದಲ್ಲಿ ಸಹಿ ಮಾಡಲಿಲ್ಲ. ನಿಮ್ಮ ಕಚೇರಿ ಗಮನಿಸಿದ್ದು ಎರಡನೆಯದನ್ನು ಮಾತ್ರ. ಗೈರುಹಾಜರಿಗೆ ಎಚ್ಚರಿಕೆಯ ಚೀಟಿ ಬಾಗಿಲ ಕೆಳಗಿನಿಂದ ಬಂತು. ಅವಳನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಸರ್ಕಾರಿ ಆಸ್ಪತ್ರೆಗೆ ಹೋದವಳು ಸುನಂದಾ. ಹೊರರೋಗಿ ಚೀಟಿ ಮಾಡಿಸಿ ರಕ್ತ ಪರೀಕ್ಷೆಯ ಸಾಲಿನಲ್ಲಿ ನಿಂತವಳು ಸುನಂದಾ. ಒಂಬತ್ತು ದಿನ ಮೆಸ್ಸಿನವರನ್ನು ಕಾಡಿಬೇಡಿ ಉಪ್ಪು ಹಾಕಿದ ಅನ್ನದ ಗಂಜಿ ತಂದು ಕುಡಿಸಿದವಳೂ ಅವಳೇ. ನನಗೆ ಫೋನ್ ಮಾಡಿ, "ಅಕ್ಕ, ಹೆದರ್ಬೇಡಿ, ಕಣ್ಣಿನ ಹಳದಿ ಇಳೀತಿದೆ, ನಾನು ದಿನಾ ಬೆಳಕಲ್ಲಿ ನೋಡ್ತೀನಿ" ಎಂದಳು. ನಿಮ್ಮ ಕಚೇರಿಯಿಂದಲೂ ಫೋನ್ ಬಂತು, ಹನ್ನೊಂದನೆಯ ದಿನ, ಗೈರುಹಾಜರಿಗೆ ಕಾರಣ ಬರೆದು ಕಳಿಸಿ ಎಂದು. ಹೇಳಿ ಮಾನ್ಯರೇ, ಆ ಒಂಬತ್ತು ದಿನ ಯಾರ ಮೇಲೆ ಯಾರು ಬದುಕಿದರು? ವಿಜ್ಞಾನದ ಹುಡುಗಿಯರಿರುವ ಹಾಸ್ಟೆಲ್ ನಿಮ್ಮದು. ಆ ಪದ ಯಾರಿಗೆ ಹೊಂದುತ್ತದೆ ಎಂದು ಅವರನ್ನೇ ಕೇಳಿ ನೋಡಬಹುದಿತ್ತು.

ನಿಯಮವೇ ಬೇಡ ಎನ್ನುವವಳು ನಾನಲ್ಲ. ನನ್ನ ಬಸ್ಸಿನಲ್ಲೂ ನಿಯಮವಿದೆ. ಇಷ್ಟು ಸೀಟು, ಇಷ್ಟು ಜನ ನಿಲ್ಲಬಹುದು ಎಂದು ಬಾಗಿಲ ಮೇಲೆ ಬರೆದಿದೆ. ಆದರೆ ಸೀಟು ಸಿಗದೆ ನಿಂತವರನ್ನು ನಾವು ಪ್ರಯಾಣಿಕರು ಎಂದೇ ಕರೆಯುತ್ತೇವೆ. ಮುಖ್ಯವಾಗಿ, ಮುಂದಿನ ಹತ್ತು ಸೀಟು ಖಾಲಿ ಇಟ್ಟುಕೊಂಡು ಹಿಂದೆ ಜನರನ್ನು ನಿಲ್ಲಿಸುವುದಿಲ್ಲ. ನಿಮ್ಮ ಹಾಸ್ಟೆಲಿನ ನೆಲಮಹಡಿಯಲ್ಲಿ ಪೂರ್ವದ ಸಾಲಿನ ಹನ್ನೊಂದು ಕೋಣೆಗಳಿಗೆ ಬೀಗ ಬಿದ್ದಿದೆ. ಶನಿವಾರ ನಿಮ್ಮ ಕರೆಗಾಗಿ ಎರಡು ಗಂಟೆ ಕಾಯುತ್ತ ಕೂತಾಗ ನಾನು ಕಿಟಕಿಗಳಿಂದ ಇಣುಕಿ ನೋಡಿದೆ. ಪ್ರತಿ ಕೋಣೆಯಲ್ಲಿ ಎರಡು ಮಂಚ. ಗಾದಿಗಳ ಮೇಲೆ ಅಂಗಡಿಯ ಪ್ಲಾಸ್ಟಿಕ್ ಹೊದಿಕೆ ಇನ್ನೂ ಹಾಗೇ ಇದೆ. ಬಾಗಿಲ ಮೇಲೆ "ಅತಿಥಿಗಳಿಗಾಗಿ" ಎಂಬ ಫಲಕ. ಹನ್ನೊಂದು ಕೋಣೆ, ಇಪ್ಪತ್ತೆರಡು ಮಂಚ. ವೇಟಿಂಗ್ ಲಿಸ್ಟಿನಲ್ಲಿ ಇರುವವರು ಹತ್ತೊಂಬತ್ತು ಹುಡುಗಿಯರು. ಯಾರು ಈ ಅತಿಥಿಗಳು? ಯಾವ ಹಬ್ಬಕ್ಕೆ ಬರುತ್ತಾರೆ? ಅವರು ಬರುವ ತನಕ ಗಾದಿಗಳ ಪ್ಲಾಸ್ಟಿಕ್ ಕಾಯುವುದು, ಬಂದ ಮಕ್ಕಳನ್ನು ಬೀದಿಗೆ ಕಳಿಸುವುದು, ಇದಕ್ಕೆ ನಿಮ್ಮ ನಿಯಮಪುಸ್ತಕದ ಯಾವ ಪುಟದಲ್ಲಿ ಆಧಾರವಿದೆ?

ಪೋಷಕರಾದ ನಮ್ಮ ಮೇಲೂ ನನಗೆ ಸಿಟ್ಟಿದೆ. ಹಾಸ್ಟೆಲಿಗೆ ಮಕ್ಕಳನ್ನು ಬಿಡಲು ಬಂದ ದಿನ ನಾವು ಮೊದಲು ನೋಡುವುದು ಪಕ್ಕದ ಮಂಚವನ್ನು. ಯಾರ ಮಗಳು, ಯಾವ ಊರು, ಹತ್ತನೆಯಲ್ಲಿ ಎಷ್ಟು ಅಂಕ, ಮಾತು ಹೆಚ್ಚೋ ಕಡಿಮೆಯೋ. ಸಂಬಂಧ ನೋಡಲು ಹೋದವರು ಸಹ ಇಷ್ಟು ವಿಚಾರಿಸುವುದಿಲ್ಲ. ನಾನೂ ವಿಚಾರಿಸಿದೆ. ಗಾರ್ಗಿ ಕಿವಿಯಲ್ಲಿ ವೈರು ಸಿಕ್ಕಿಸಿಕೊಂಡು ಗೋಡೆಯತ್ತ ತಿರುಗಿ ಕೂತಿದ್ದನ್ನು ನೋಡಿ, ಟ್ರಂಕಿಗೆ ಎರಡು ಬೀಗ ಹಾಕು ಎಂದು ತಂಗಿಗೆ ಹೇಳಿ ಬಂದೆ. ಮೊದಲ ಹದಿನೈದು ದಿನ ಪ್ರಾಜಕ್ತಾ ಫೋನಿನಲ್ಲಿ ಅಳುತ್ತಿದ್ದಳು. ಎರಡು ಮಂಚಗಳ ನಡುವೆ ಮಾತೇ ಇರಲಿಲ್ಲ. ಮಾತು ಬಂದದ್ದು ಆ ನಡುವಿನ ಜಾಗದಲ್ಲಿ ಸುನಂದಾ ಹಾಸಿಗೆ ಬಿಡಿಸಿದ ಮೇಲೆ. ಹಂಚಿಕೊಂಡು ಬಾಳಿ ಎಂದು ಮಕ್ಕಳಿಗೆ ಹೇಳಿ ಕಳಿಸುವವರು ನಾವೇ. ಅವರು ನಿಜವಾಗಿ ಹಂಚಿಕೊಂಡ ದಿನ ಹೆದರಿ ಓಡಿಬರುವವರೂ ನಾವೇ.

ಶನಿವಾರ ನಿಮ್ಮ ನೋಟಿಸಿನ ಕರೆಗೆ ನಾನು ಡ್ಯೂಟಿ ಮುಗಿಸಿ ಖಾಕಿಯಲ್ಲೇ ಬಂದಿದ್ದೆ. ನಿಮ್ಮ ಗುಮಾಸ್ತರು ವಿದ್ಯಾರ್ಥಿ ಬಸ್ ಪಾಸಿನ ವಿಚಾರವೇ ಎಂದು ಕೇಳಿದರು. ಒಳಗೆ ಗಾರ್ಗಿಯ ತಂದೆ ಆಗಲೇ ಕುಳಿತಿದ್ದರು. ನೀವು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಪ್ಪ ಅಮ್ಮ ಬರ್ಲಿಲ್ವಾ? ಅಕ್ಕ ಅಂದ್ರೆ ಪೋಷಕರು ಹೇಗಾಗ್ತೀರಿ?" ಎಂದಿರಿ. ಫಾರಂನಲ್ಲಿ ನನ್ನ ಹೆಸರೇ ಇದೆ ಎಂದೆ. "ಇರ್ಲಿ, ಸಹಿಗೆ ಆಗುತ್ತೆ" ಎಂದಿರಿ. ಮಾತಾಡಲು ನಾನು ಪೋಷಕಿಯಲ್ಲ, ಸಹಿಗೆ ಮಾತ್ರ ಪೋಷಕಿ. ಸುನಂದಾಳ ಮನೆಯವರನ್ನು ಕರೆಸಿದ್ದೀರಾ ಎಂದು ಕೇಳಿದ್ದಕ್ಕೆ, ಅಲ್ಲಿಗೆ ಕಾಗದ ಮುಟ್ಟುವುದಕ್ಕೇ ಎಂಟು ದಿನ ಬೇಕು, ಅಷ್ಟು ಕಾಯಲು ಆಗುವುದಿಲ್ಲ ಎಂದಿರಿ. ಆಮೇಲೆ ಮುದ್ರಿಸಿದ ಹಾಳೆಯೊಂದನ್ನು ಮುಂದಿಟ್ಟಿರಿ. ಹೊರಗಿನ ವಿದ್ಯಾರ್ಥಿನಿ ನಮ್ಮ ಮಗಳ ಕೋಣೆಗೆ ಬಲವಂತದಿಂದ ನುಗ್ಗಿ ನೆಲೆಸಿದ್ದಾಳೆ, ಇದಕ್ಕೆ ನಮ್ಮದಾಗಲಿ ಮಗಳದಾಗಲಿ ಒಪ್ಪಿಗೆಯಿರಲಿಲ್ಲ, ಅವಳ ಮೇಲೆ ಯಾವ ಕ್ರಮ ಕೈಗೊಂಡರೂ ನಮ್ಮ ತಕರಾರಿಲ್ಲ ಎಂದು ಅದರಲ್ಲಿತ್ತು. ಸಹಿ ಮಾಡದಿದ್ದರೆ ಪ್ರಾಜಕ್ತಾಳ ಮಂಚವೂ ಆ ಸಂಜೆಗೇ ರದ್ದು ಎಂದಿರಿ.

ಗಾರ್ಗಿಯ ತಂದೆ ಸಹಿ ಮಾಡಿ ಹಾಳೆಯನ್ನು ನನ್ನ ಕಡೆ ತಳ್ಳಿದರು. ಕೆಟ್ಟವರೇನಲ್ಲ ಅವರು. ಮೆಲ್ಲಗೆ ಹೇಳಿದರು: "ನೋಡಮ್ಮ, ಆ ಹುಡುಗಿ ಒಳ್ಳೇಳೇ ಇರ್ಬಹುದು, ನಂಗೇನೂ ದ್ವೇಷ ಇಲ್ಲ. ನಮ್ಮ ಮಕ್ಕಳ ವರ್ಷ ಹಾಳಾಗ್ಬಾರ್ದು, ಅಷ್ಟೇ. ತಗೋ, ನನ್ನ ಪೆನ್ನು ಚೆನ್ನಾಗಿ ಬರೆಯುತ್ತೆ."

ನಾನು ಸಹಿ ಮಾಡಿದೆ.

ಹೌದು ಮಾನ್ಯರೇ, ಇದನ್ನು ಓದುತ್ತಿರುವ ಎಲ್ಲರೂ ತಿಳಿಯಲಿ. ಕಾಗದ ಪೂರ್ತಿ ಓದಿ, ಅದು ಸುಳ್ಳೆಂದು ತಿಳಿದು, ನನ್ನ ತಂಗಿಯ ಕಣ್ಣಿನ ಹಳದಿಯನ್ನು ದಿನವೂ ಬೆಳಕಲ್ಲಿ ನೋಡಿದ ಹುಡುಗಿಯ ವಿರುದ್ಧ ಸಹಿ ಮಾಡಿದೆ. ಡಿಪೋ ಗೇಟಿನ ಯೂನಿಯನ್ ಸಭೆಗಳಲ್ಲಿ ಮುಷ್ಟಿ ಎತ್ತಿ ಘೋಷಣೆ ಕೂಗುವವಳು ನಾನು. ಒಂದು ಮಂಚ ಹೋಗುತ್ತದೆ ಎಂದ ಕೂಡಲೇ ಕೈ ತಾನಾಗಿ ಇಳಿಯಿತು. ನೀವು ನನಗೆ ಮಾಡಿದ ನಿಜವಾದ ಅನ್ಯಾಯ ಇದೇ. ಹುಡುಗಿಯನ್ನು ನೀವೇ ಹೊರಗೆ ಹಾಕಬಹುದಿತ್ತು, ಅಧಿಕಾರ ನಿಮ್ಮ ಬಳಿ ಇದೆ. ಆದರೆ ನಿಮಗೆ ನಿಮ್ಮ ಕೈ ಸ್ವಚ್ಛವಾಗಿರಬೇಕಿತ್ತು. ನಾಳೆ ಯಾರಾದರೂ ಕೇಳಿದರೆ "ಪೋಷಕರೇ ದೂರು ಕೊಟ್ಟರು" ಎನ್ನಬೇಕಿತ್ತು. ಅದಕ್ಕೆ ಅಕ್ಕರೆಯನ್ನು, ಭಯವನ್ನು, ಮನೆಯಲ್ಲಿ ಇರುವ ಒಬ್ಬಳೇ ಓದುವ ಹುಡುಗಿಯ ಮೇಲಿನ ಆಸೆಯನ್ನು ಹಿಡಿದು ನಮ್ಮಿಂದಲೇ ಬರೆಸಿಕೊಂಡಿರಿ.

ಹೊರಗೆ ಬಂದು ಪ್ರಾಜಕ್ತಾಳಿಗೆ, ನಿನ್ನ ಮಂಚ ಉಳಿಯಿತು ಎಂದೆ. ಹೇಗೆ ಎಂದು ಕೇಳಿದಳು. ಹೇಳಿದೆ. ಅವಳು ಕೂಗಾಡಲಿಲ್ಲ. ನಾನು ತಂದಿದ್ದ ಶೇಂಗಾ ಉಂಡೆಯ ಡಬ್ಬಿಯನ್ನು ವಾಪಸ್ ನನ್ನ ಚೀಲಕ್ಕೆ ಹಾಕಿದಳು.

"ಅಕ್ಕ, ಟಿಕೆಟ್ ತಗೊಳ್ದೇ ಇರೋನನ್ನೂ ನೀನು ಕಾಡಿನ ಮಧ್ಯ ಇಳ್ಸಲ್ಲ. ಮುಂದಿನ ಊರಿನ ತನಕ ಕರ್ಕೊಂಡು ಹೋಗ್ತೀಯ. ಬೈತೀಯ, ಆದ್ರೆ ಕರ್ಕೊಂಡು ಹೋಗ್ತೀಯ."

"ನಿನಗೋಸ್ಕರ ಮಾಡಿದ್ದು ಪ್ರಾಜೂ."

"ಗೊತ್ತು. ಅದಕ್ಕೇ ಆ ಮಂಚದ ಮೇಲೆ ಮಲಗೋಕೆ ನಂಗಾಗಲ್ಲ."

ಅಂದಿನಿಂದ ಅವಳು ನೆಲದ ಮೇಲೆ ಮಲಗುತ್ತಿದ್ದಾಳೆ. ಗಾರ್ಗಿಯೂ ತನ್ನ ಗಾದಿಯನ್ನು ಕೆಳಗೆ ಎಳೆದುಕೊಂಡಿದ್ದಾಳೆ ಎಂದು ಕೇಳಿದೆ. ನಿಮ್ಮ ಎರಡು ಮಂಚಗಳೂ ಈಗ ಖಾಲಿ ಇವೆ, ಅತಿಥಿಗಳಿಗೆ ಅನುಕೂಲವಾಗಲಿ. ಸುನಂದಾ ಹಗಲು ಗ್ರಂಥಾಲಯದಲ್ಲಿ ಓದುತ್ತಾಳೆ, ಸಂಜೆ ಸದ್ಯಕ್ಕೆ ಒಂದು ಮನೆಗೆ ಮಲಗಲು ಹೋಗುತ್ತಾಳೆ. ಆ ಮನೆಯಲ್ಲಿ ಒಂದೇ ಕೋಣೆ, ಈಗಾಗಲೇ ಐದು ಜನ. ವಿಳಾಸ ಬರೆಯುವುದಿಲ್ಲ. ನೀವು ಅಲ್ಲಿಗೂ ನೋಟಿಸ್ ಕಳಿಸಬಲ್ಲಿರಿ.

ಸೋಮವಾರ ನಾನು ಸುನಂದಾಳ ತಂದೆಗೆ ಫೋನ್ ಮಾಡಿದೆ. ಅವರ ಊರಿನಲ್ಲಿ ಸಿಗ್ನಲ್ ಸಿಗುವುದು ಗುಡ್ಡದ ನೆತ್ತಿಯಲ್ಲಿ ಮಾತ್ರ, ಅಲ್ಲಿಗೆ ಹತ್ತಿ ಅವರೇ ವಾಪಸ್ ಮಾಡಿದರು. ನಡೆದದ್ದನ್ನೆಲ್ಲ ಹೇಳಿದೆ, ನನ್ನ ಸಹಿಯನ್ನೂ ಸೇರಿಸಿ. ಬೈಯುತ್ತಾರೆಂದು ಕಾದೆ. ಅವರು "ನಮ್ಮ ಹುಡುಗಿಯಿಂದ ನಿಮ್ಮ ಮಕ್ಕಳಿಗೆ ತೊಂದ್ರೆ ಆಯ್ತಾ ತಾಯಿ? ನಾನು ಬಂದು ಸಾಹೇಬರ ಹತ್ರ ಕ್ಷಮೆ ಕೇಳ್ಬೇಕಾ?" ಎಂದರು. ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನೀವು. ನನ್ನಿಂದಾದ ಉತ್ತರ ಇಷ್ಟೇ, ಕ್ಷಮೆ ಕೇಳಬೇಕಾದವಳು ನಾನು ಎಂದೆ, ಕೇಳಿದೆ. ಆಮೇಲೆ ಅವರ ಬಳಿ ಒಂದು ಅನುಮತಿ ಬೇಡಿದೆ, ಕೊಟ್ಟರು.

ಇನ್ನು ಬೇಡಿಕೆಗೆ ಬರುತ್ತೇನೆ. ಶನಿವಾರದ ಹಾಳೆಯಲ್ಲಿರುವ ನನ್ನ ಸಹಿಯನ್ನು ಈ ಮೂಲಕ ಬಹಿರಂಗವಾಗಿ ವಾಪಸ್ ಪಡೆದಿದ್ದೇನೆ. ಅದರಲ್ಲಿ ಬರೆದಿರುವುದು ಸುಳ್ಳು. ಸುನಂದಾ ನುಗ್ಗಲಿಲ್ಲ, ಆ ಇಬ್ಬರು ಹುಡುಗಿಯರೇ ಅವಳನ್ನು ಕರೆದುಕೊಂಡರು. ಆ ಸುಳ್ಳಿನ ಆಧಾರದ ಮೇಲೆ ಹೊಡೆದುಹಾಕಿದ ಹೆಸರು ಅದೇ ಏಳನೆಯ ಜಾಗದಲ್ಲಿ ಮತ್ತೆ ಬರೆಯಲ್ಪಡಬೇಕು. ಪೂರ್ವದ ಸಾಲಿನ ಬೀಗಗಳು ಹನ್ನೆರಡನೆಯ ತಾರೀಖಿನೊಳಗೆ ತೆಗೆಯಲ್ಪಡಬೇಕು, ಒಂದಲ್ಲ, ಹನ್ನೊಂದೂ. ಸಹಿ ಇಲ್ಲದಿದ್ದರೆ ಪ್ರಾಜಕ್ತಾಳ ಮಂಚ ರದ್ದು ಎಂದಿದ್ದಿರಲ್ಲ, ರದ್ದು ಮಾಡಿ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಆದರೆ ಆ ಆದೇಶದಲ್ಲಿ ಕಾರಣವನ್ನೂ ಬರೆಯಿರಿ, ಕೆಳಗೆ ನಿಮ್ಮ ಸಹಿ ಇರಲಿ. ಈ ಸಲ ಬೇರೆಯವರ ಸಹಿ ನಡೆಯುವುದಿಲ್ಲ.

ಇದರ ಪ್ರತಿಯನ್ನು ನಿಮ್ಮ ನೋಟಿಸ್ ಬೋರ್ಡಿಗೂ ಪುಣೆಗೆ ಬರುವ ನಮ್ಮ ಡಿಪೋದ ಎಲ್ಲ ಬಸ್ಸುಗಳಿಗೂ ಅಂಟಿಸಲಾಗುತ್ತದೆ. ಹನ್ನೆರಡರ ಬೆಳಗ್ಗೆ ಸುನಂದಾಳನ್ನು ಪ್ರಯೋಗಶಾಲೆಯ ಬಾಗಿಲ ತನಕ ಬಿಡಲು ನಾನೇ ಬರುತ್ತೇನೆ. ಯಾರ ಪರವಾಗಿ ಬಂದಿದ್ದೀರಿ ಎಂದು ಆಗ ನೀವು ಕೇಳುವ ಅಗತ್ಯ ಬೀಳದಿರಲೆಂದು ಕೆಳಗೆ ಸ್ಪಷ್ಟವಾಗಿ ಬರೆದಿದ್ದೇನೆ.

ಇಂತಿ,
ಒಂದು ಸಲ ಹೆದರಿ ಸಹಿ ಮಾಡಿದ,
ಸಾರಿಕಾ ಕೋರಕೆ
ಪ್ರಾಜಕ್ತಾ ಕೋರಕೆಯ ಪೋಷಕಿ,
ಸುನಂದಾ ಪಾವರಾಳ ತಂದೆಯವರ ಅನುಮತಿಯಿಂದ ಅವಳ ಪೋಷಕಿ ಕೂಡ