ಕುಮಾರಿ ಹುಸೇನಮ್ಮನ ಕೋರಿಕೆ

22-11-1982, ಸೋಮವಾರ

ಬೀರುಗಳ ಬೀಗ ತೆಗೆದು, ಧೂಳು ಹೊಡೆಸಿ, ದಿನಪತ್ರಿಕೆಗಳಿಗೆ ಮೊಹರು ಹಾಕಿಸುವಷ್ಟರಲ್ಲಿ ಹತ್ತೂವರೆ. ಅಟೆಂಡರ್ ಮರಿಬಸಪ್ಪ ಇಂದೂ ಮೊಹರನ್ನು ತಲೆಕೆಳಗಾಗಿ ಒತ್ತಿದ. ಆಕ್ಷೇಪಿಸಿದರೆ, "ಓದೋರು ಪೇಪರ್ ತಿರುವಿ ಹಿಡ್ಕಂತಾರ ಬಿಡ್ರಿ ರಾಯರ" ಎಂದ. ಇಂಥವರ ನಡುವೆ ಕಾಲಕ್ಷೇಪ.

ಮುನಸೀಫ್ ಕೋರ್ಟಿನ ನಕಲು ವಿಭಾಗದಿಂದ ನಿವೃತ್ತನಾಗಿ ಈ ಕಾಲೇಜಿನ ಗ್ರಂಥಾಲಯದ ಇನ್‌ಚಾರ್ಜ್ ಆದಂದಿನಿಂದ ಒಂದು ನಿಯಮ ಜಾರಿಯಲ್ಲಿಟ್ಟಿದ್ದೇನೆ. ಬಾಯಲ್ಲಿ ಕೇಳಕೂಡದು. ಚೀಟಿಯಲ್ಲಿ ಬರೆದು, ಸಹಿ ಮಾಡಿ ಕೊಡತಕ್ಕದ್ದು. ಹುಡುಗರು ನಗುತ್ತಾರೆ. ನಗಲಿ.

ಮಧ್ಯಾಹ್ನ ತೃತೀಯ ಬಿ.ಎ.ಯ ವಿದ್ಯಾರ್ಥಿನಿಯೊಬ್ಬಳು ಚೀಟಿ ತಂದಳು. ಹೆಸರು ಹುಸೇನಮ್ಮ— ಪೀರಲ ದೇವರಿಗೆ ಹರಕೆ ಹೊತ್ತು ಇಟ್ಟ ಹೆಸರಂತೆ. ಕೌತಾಳಂ ಕಡೆಯ ಒಕ್ಕಲುಮನೆಯವಳು, ಇಲ್ಲಿ ಹಾಸ್ಟೆಲಿನಲ್ಲಿದ್ದಾಳೆ. ಕೋರಿಕೆ: ರಾಕ್ ಮ್ಯೂಸಿಕ್ ಕುರಿತು ಗ್ರಂಥಾಲಯದಲ್ಲಿ ಏನಿದ್ದರೂ ಬೇಕು. ಹಾಗೆಂದರೇನೆಂದು ವಿಚಾರಿಸುವುದು ನನ್ನ ಸ್ಥಾನಕ್ಕೆ ತಕ್ಕದ್ದಾಗಿ ತೋರಲಿಲ್ಲ. ಇಲ್ಲ ಎಂದೆ.

"ನೋಡಿ ಇಲ್ಲ ಅಂದ್ರ್ಯೋ, ನೋಡ್ದ ಇಲ್ಲ ಅಂದ್ರ್ಯೋ ಸಾರ್?"

ಮರಿಬಸಪ್ಪ ಗೋಡೆಯ ಕಡೆ ತಿರುಗಿ ನಕ್ಕ. ಮೂಲವನ್ನು ನೋಡದೆ ಒಂದಕ್ಷರ ಬರೆದವನಲ್ಲ ನಾನು. ಬುಧವಾರ ಬಾ ಎಂದೆ. ಧ್ವನಿ ಸ್ವಲ್ಪ ಏರಿರಬಹುದು.

24-11-1982, ಬುಧವಾರ

ಕಾರ್ಡುಗಳ ಡ್ರಾಯರಿನಲ್ಲಿ ಸಂಗೀತ ಎಂಬ ತಲೆಬರಹ ಉಂಟು. ಅದರಡಿ ಕೀರ್ತನೆಗಳ ಸ್ವರಪ್ರಸ್ತಾರ, ವೀಣೆಯ ಮೇಲೊಂದು, ಹಾರ್ಮೋನಿಯಂ ಕಲಿಯುವ ಕೈಪಿಡಿ— ಗೆದ್ದಲು ಹಿಡಿದದ್ದು. ವಿಶ್ವಕೋಶ ತೆರೆದೆ. ಬಹಳ ಹಳೆಯ ಮುದ್ರಣ. ಆ ಶಬ್ದವೇ ಇಲ್ಲ. ಅಷ್ಟಕ್ಕೆ ನಿಲ್ಲಿಸಬಹುದಾಗಿತ್ತು. ಆದರೆ ಆ ಹುಡುಗಿಯ ಪ್ರಶ್ನೆ...

ಊರು ಬಿಟ್ಟುಹೋದ ವಿದೇಶಿ ಡಾಕ್ಟರಮ್ಮನೊಬ್ಬಳು ದಾನ ಕೊಟ್ಟ ಅಮೆರಿಕದ ವಾರಪತ್ರಿಕೆಗಳ ಗಂಟು ಅಟ್ಟದ ಮೇಲಿತ್ತು. ಏಣಿ ಹಾಕಿಸಿ ಇಳಿಸಿದೆ. ಸಂಜೆಗೆ ಸಿಕ್ಕಿತು— ಸಾಕಷ್ಟು ದೀರ್ಘವಾದ ಲೇಖನ, ಚಿತ್ರಸಹಿತ. ಮರಿಬಸಪ್ಪ ಹೆಗಲ ಮೇಲಿಂದ ಇಣುಕಿ, "ಇವರ ಊರಾಗ ಹಜಾಮರು ಸ್ಟ್ರೈಕ್ ಮಾಡ್ಯಾರೇನ್ರಿ?" ಎಂದ. ನಗು ಬಂದಿತು. ತೋರಗೊಡಲಿಲ್ಲ.

ಗಂಟು ಇನ್ನೂ ರಿಜಿಸ್ಟರಿಗೆ ಏರಿಲ್ಲ. ಏರದ್ದು ಗ್ರಂಥಾಲಯದಲ್ಲಿ ಇಲ್ಲವೆಂದೇ ಅರ್ಥ. ಆದುದರಿಂದ ಸೋಮವಾರ ನಾನು ಹೇಳಿದ್ದು ಸುಳ್ಳಲ್ಲ.

27-11-1982, ಶನಿವಾರ

ಏರದ ಪತ್ರಿಕೆಯನ್ನು ಹೊರಗೆ ಕೊಡುವಂತಿಲ್ಲ. ನಾನೇ ನಕಲು ತೆಗೆದೆ. ಕೋರ್ಟಿನ ಪದ್ಧತಿಯಂತೆ ನಕಲಿಗೆ ಇಬ್ಬರು ಬೇಕು: ಒಬ್ಬ ಮೂಲವನ್ನು ಗಟ್ಟಿಯಾಗಿ ಓದತಕ್ಕದ್ದು, ಇನ್ನೊಬ್ಬ ನಕಲಿನ ಮೇಲೆ ಬೆರಳಿಟ್ಟು ತಾಳೆ ನೋಡತಕ್ಕದ್ದು. ಹುಸೇನಮ್ಮನನ್ನು ಮೇಜಿನ ಎದುರು ಕೂರಿಸಿದೆ.

"ಕಾಮಾ, ಫುಲ್‌ಸ್ಟಾಪನ್ನೂ ಓದಬೇಕೇನ್ರಿ ಸಾರ್?"

"ಓದಬೇಕು. ಒಂದು ಕಾಮಾದಿಂದ ಹೊಲದ ಗಡಿ ಬದಲಾದದ್ದನ್ನು ನೋಡಿದ್ದೇನೆ."

ಓದಿದಳು. "ದಿ ಎಲೆಕ್ಟ್ರಿಕ್ ಗಿಟಾರ್, ಕಾಮಾ, ದಿ ಡ್ರಮ್ಸ್, ಕಾಮಾ..." ನಡುವೆ ನಿಲ್ಲಿಸಿ, "ಹಾಂ! ಇದು ನಾ ಕೇಳೀನ್ರಿ" ಎಂದು ಮೇಜಿನ ಮೇಲೆ ಬೆರಳಿಂದ ಬಡಿದು ತೋರಿಸಿದಳು. ಶಾಂತವಾಗಿರತಕ್ಕದ್ದೆಂಬ ಫಲಕದ ಕಡೆ ಕೈ ಮಾಡಿದೆ. ಆದರೂ ಒಂದು ಕ್ಷಣ ತಡವಾಗಿಯೇ ಮಾಡಿದೆನೆಂದು ಇಲ್ಲಿ ಬರೆಯಬಹುದು.

ಕಾರಣ ಕೇಳಿದೆ. ಮಿಲಿಟರಿಯಲ್ಲಿರುವ ಅಣ್ಣ ಟ್ರಾನ್ಸಿಸ್ಟರ್ ತಂದುಕೊಟ್ಟಿದ್ದಾನೆ. ಅದರಲ್ಲಿ ದೂರದ ಸ್ಟೇಷನ್ನುಗಳ ಹಾಡು ಕೇಳಿ ಕೇಳಿ ಹುಚ್ಚು ಹಿಡಿದಿದೆ. ರೇಡಿಯೋದ ಯುವಜನ ವಿಭಾಗದಲ್ಲಿ ಮಾತಾಡುವವರು ಬೇಕಾಗಿದ್ದಾರಂತೆ. ತಾವು ಬಲ್ಲ ವಿಷಯದ ಮೇಲೆ ಹತ್ತು ನಿಮಿಷದ ಭಾಷಣ ಬರೆದು ಜನವರಿ ಕೊನೆಯೊಳಗೆ ಕಳಿಸಬೇಕು.

"ಪರೀಕ್ಷೆ ಮುಗಿದಮ್ಯಾಲೆ ಎಮ್ಮಿಗನೂರಾಗ ನಮ್ಮ ಸ್ವಾದರಮಾವಗ ಕೊಡ್ತಾರ್ರಿ. ಮಗ್ಗದ ಮನಿ. ಮಾವ ಕೆಟ್ಟಾತ ಅಲ್ರಿ. ಆದ್ರ ಅಲ್ಲಿಗೆ ಹೋದಮ್ಯಾಲೆ ಮುಗೀತು. ರೇಡಿಯೋದಿಂದ ಒಂದು ಕಾಗದ ಬಂದ್ರ ನಮ್ಮಪ್ಪ ಒಂದು ವರ್ಷ ತಡೀತೀನಿ ಅಂದಾನ."

ನಕಲು ಮುಗಿದ ಮೇಲೆ ಹಾಳೆಗಳನ್ನು ತಿರುವಿ, "ಚೊಲೋ ಐತ್ರಿ ಸಾರ್. ಆದ್ರ ಹತ್ತು ನಿಮಿಷಕ್ಕ ಸಾಲಂಗಿಲ್ಲ. ಯಾವ ಹಾಡು ಯಾವ ದೇಶದ್ದು, ಯಾವುದು ಮೊದಲು, ಯಾವುದು ಆಮ್ಯಾಲೆ... ಇದರಾಗ ಅದಿಲ್ಲ" ಎಂದಳು.

ನನ್ನ ನಕಲಿನಲ್ಲಿ ಕೊರತೆ ಉಂಟೆಂದು ಹೇಳಿದ ಮೊದಲ ವ್ಯಕ್ತಿ. ಅಕ್ಷರದ ಕೊರತೆಯಲ್ಲ, ನಿಜ.

3-12-1982, ಶುಕ್ರವಾರ

ಕೇಳಿದವರಿಗೆ ವಿಷಯವಾರು ಮಾಹಿತಿಯನ್ನೂ ಪುಸ್ತಕಗಳ ಪಟ್ಟಿಯನ್ನೂ ಅಂಚೆಯಲ್ಲಿ ಉಚಿತವಾಗಿ ಕಳಿಸುವ ವಿದೇಶಿ ಗ್ರಂಥಾಲಯವೊಂದು ಮದ್ರಾಸಿನಲ್ಲಿ ಇದೆ. ವಿಳಾಸ ಪತ್ರಿಕೆಯ ಹಿಂಬದಿಯಲ್ಲಿತ್ತು.

"ಒಂದು ಕಾರ್ಡ್ ಗೀಚಿ ಹಾಕ್ತೀನಿ ಬಿಡ್ರಿ" ಎಂದಳು ಹುಸೇನಮ್ಮ.

ಕಾರ್ಡು! ಹೇಗೆ ಕೇಳಬೇಕೋ ಹಾಗೆ ಕೇಳಬೇಕು. ಎರಡು ದಿನ ಕೂತು ಇಂಗ್ಲಿಷಿನಲ್ಲಿ ಅರ್ಜಿ ಸಿದ್ಧಪಡಿಸಿದೆ. "ಮೋಸ್ಟ್ ಹಂಬ್ಲಿ ಅಂಡ್ ರೆಸ್ಪೆಕ್ಟ್‌ಫುಲಿ" ಎಂದು ಆರಂಭ. ಸಂಖ್ಯೆ ಹಾಕಿದ ಖಂಡಿಕೆಗಳು. ಎರಡನೆಯ ಖಂಡಿಕೆಯಲ್ಲಿ ಫಲಾನುಭವಿಯ ವಿವರ: ಕುಮಾರಿ ಹುಸೇನಮ್ಮ, ತಂದೆ ಓಬಳೇಶ, ಗ್ರಾಮ, ತರಗತಿ, ಕೋರಿಕೆ. ಕೊನೆಯಲ್ಲಿ ನನ್ನ ಸಹಿ. ಎಡಗಡೆ, "ಥ್ರೂ ದಿ ಪ್ರಿನ್ಸಿಪಾಲ್". ಮೇಲಿನವರ ಮುಖಾಂತರ ಹೋಗದ ಅರ್ಜಿ ಅರ್ಜಿಯೇ ಅಲ್ಲ.

ಪ್ರಿನ್ಸಿಪಾಲರು ಇತರ ಕಾಗದಗಳ ರಾಶಿಯೊಡನೆ ಓದದೆ ಸಹಿ ಮಾಡಿದರು. ಓದಿದ್ದರೆ ಸಂತೋಷಪಡುತ್ತಿದ್ದರು. ಕೋರ್ಟಿನಲ್ಲಿದ್ದಾಗಲೂ ಇಷ್ಟು ಅಚ್ಚುಕಟ್ಟಾದದ್ದು ಕೈಯಿಂದ ಬಂದದ್ದು ಕಡಿಮೆ.

10-1-1983, ಸೋಮವಾರ

ಬಹಳ ದಿನ ಬರೆದಿಲ್ಲ. ರಜೆ, ನಂತರ ಚುನಾವಣೆ. ಕಾಲೇಜೇ ಮತಗಟ್ಟೆ, ಗ್ರಂಥಾಲಯದ ಬೆಂಚುಗಳೆಲ್ಲ ಅಂಗಳದಲ್ಲಿದ್ದವು.

ಇಂದು ಕಾಲೇಜಿನ ಕರೆಸ್ಪಾಂಡೆಂಟರಿಂದ ಕರೆ. ಭೀಮಲಿಂಗಪ್ಪನವರು— ಹತ್ತಿಯ ಜಿನ್ನಿಂಗ್ ಮಿಲ್ಲಿನ ಮಾಲೀಕರು, ಮಾತಿನಲ್ಲಿ ತೆಲುಗು ಬೆರೆಸುವವರು, ಕಾಲೇಜನ್ನು ನಡೆಸುವ ಕಮಿಟಿ ಎಂದರೆ ಅವರೇ. ಪ್ರಿನ್ಸಿಪಾಲರು ರಜೆಯಲ್ಲಿರುವುದರಿಂದ ಅವರ ಟಪಾಲೆಲ್ಲ ಇವರ ಮೇಜಿಗೆ ಹೋಗುತ್ತಿತ್ತು. ಮದ್ರಾಸಿನಿಂದ ಬಂದ ಕಟ್ಟು ಒಡೆದು ಬಿದ್ದಿತ್ತು. ನನ್ನ ಅರ್ಜಿ ಪ್ರಿನ್ಸಿಪಾಲರ ಮುಖಾಂತರ ಹೋದದ್ದರಿಂದ ಉತ್ತರವೂ ಅವರ ಹೆಸರಿಗೇ ಬಂದಿದೆ. ಮೇಲ್ಗಡೆ ಅಂಗಿಯಿಲ್ಲದ ಗಾಯಕನೊಬ್ಬ ಗಿಟಾರನ್ನು ಕೊಡಲಿಯಂತೆ ಎತ್ತಿಹಿಡಿದ ಚಿತ್ರ. ಅದರ ಕೆಳಗೆ ಪುಸ್ತಕಗಳ ಪಟ್ಟಿ— ವರ್ಷವಾರು, ದೇಶವಾರು. ಅವಳು ಕೇಳಿದ್ದು ಅದನ್ನೇ. ಕೈ ಚಾಚಿದೆ. ಅವರು ಡ್ರಾಯರಿಗೆ ತಳ್ಳಿ ಮುಚ್ಚಿದರು.

"ಏನ್ ರಾಯರ ಇದು? ಹೋದ ವರ್ಷ ಹಾಸ್ಟೆಲಿನಿಂದ ಒಬ್ಬಾಕಿ ಓಡಿ ಹೋದದ್ದು ಮರ್ತೀರೇನು? ಇಂಥ ಗಾಂಜಾ ಸೇದೋರ ಫೋಟೋ ನಮ್ಮ ಕಾಲೇಜಿನ ಹೆಸರ್ಲೆ ತರಿಸ್ಯಾರಂತ ಹಳ್ಳ್ಯಾಗ ತಿಳಿದ್ರ ಯಾರನ್ನ ಕಳಿಸ್ತಾರ ಇಲ್ಲಿಗೆ?"

ವಿದ್ಯಾಭ್ಯಾಸಕ್ಕೆ ಸಂಬಂಧಪಟ್ಟದ್ದೆಂದು ಅರಿಕೆ ಮಾಡಿದೆ.

"ಚೂಡಂಡಿ ರಾಯರ, ನೀವು ದೊಡ್ಡೋರು. ನಿಮ್ಮ ತಪ್ಪು ಅಂತ ನಾ ಅನ್ನಂಗಿಲ್ಲ. ಆ ಹುಡುಗಿ ಏನೋ ಹೇಳಿ ನಿಮ್ಮನ್ನ ಏಮಾರಿಸ್ಯಾಳ, ಅಷ್ಟ. ಅದನ್ನ ನಾಲ್ಕು ಸಾಲು ಬರಕೊಡ್ರಿ. ಆಕಿನ್ನ ಊರಿಗೆ ಕಳಿಸಿಬಿಡ್ತೀವಿ. ಮುಗೀತು." ಕನ್ನಡಕ ತೆಗೆದು ಒರೆಸಿಕೊಂಡರು. "ಇಪ್ಪತ್ನಾಲ್ಕಕ್ಕ ಕಮಿಟಿ ಐತಿ. ನಿಮ್ಮ ಹುಡುಗನ್ನ ಪರ್ಮನೆಂಟ್ ಮಾಡೋ ವಿಷಯಾನೂ ಅದರಾಗ ಐತಿ ಕದಾ."

ಗ್ರಂಥಾಲಯಕ್ಕೆ ಹಿಂತಿರುಗಿ ಕೂತೆ. ಕಿಟಕಿಗಳೆಲ್ಲ ತೆರೆದಿದ್ದವು. ಎದ್ದು ಒಂದೊಂದಾಗಿ ಮುಚ್ಚಿದೆ.

12-1-1983, ಬುಧವಾರ

ಮನೆಯಲ್ಲಿ ವಿಷಯ ತಿಳಿದಿದೆ. ಮಗ ಪ್ರಾಣೇಶ ಇದೇ ಕಾಲೇಜಿನಲ್ಲಿ ಕಾಮರ್ಸ್ ಹೇಳುತ್ತಾನೆ. ವರ್ಷ ವರ್ಷವೂ ಟೆಂಪರರಿ ಆರ್ಡರು. ಊಟಕ್ಕೆ ಕೂತಾಗ ಹೇಳಿದ:

"ಅಪ್ಪಾ, ಊರ ಮಂದಿ ಅರ್ಜಿಯೆಲ್ಲ ನಿಮ್ಮ ಕೈಯಾಗ ಆಗ್ಯಾವ. ನನ್ನ ಸಲುವಾಗಿ ನಾಲ್ಕು ಸಾಲು ಆಗೂದಿಲ್ಲೇನು?"

"ಆ ಹುಡುಗಿ ಏಮಾರಿಸಿಲ್ಲೋ. ಚೀಟಿ ಬರದು ಕೇಳ್ಯಾಳ."

"ಕೇಳ್ಯಾಳ ಹೌದಲ್ಲ? ಹಂಗೇ ಬರೀರಿ. ಸುಳ್ಳು ಬರೀರಿ ಅಂತ ಯಾರಂದ್ರು?"

ಅಕ್ಕ ತುಳಸಿಬಾಯಿ ಬಡಿಸುತ್ತಿದ್ದವಳು ಸೌಟು ಕೆಳಗಿಟ್ಟಳು. "ಟೆಂಪರರಿ, ಟೆಂಪರರಿ ಅಂತ ಕೂಸಿನ ತಲಿ ನರತು ಹೊಂಟದ. ಮನಿ ಕೂಸಿಗಿಂತ ಪರರ ಹುಡುಗಿ ಹೆಚ್ಚಾದಳೇನೋ ಸೇತೂ?"

ಸಾರು ಆರಿತು.

ಕರಡು ಬರೆಯಲು ಕೂತೆ. "ಸದರಿ ವಿದ್ಯಾರ್ಥಿನಿಯು ವಿದ್ಯಾಭ್ಯಾಸದ ನೆಪವೊಡ್ಡಿ, ವಯೋವೃದ್ಧನಾದ ನನ್ನ ಸದ್ಭಾವನೆಯನ್ನು ದುರುಪಯೋಗಪಡಿಸಿಕೊಂಡು..." ಎಲ್ಲಿಯೂ ಲೇಖನಿ ತಡೆಯಲಿಲ್ಲ. ಇಂಥ ವಾಕ್ಯಗಳನ್ನು ಜೀವಮಾನವೆಲ್ಲ ನಕಲು ಮಾಡಿದ್ದೇನೆ, ಕೈಗೆ ರೂಢಿ. ಅಷ್ಟು ಸಲೀಸಾಗಿ ಬಂದದ್ದನ್ನು ಕಂಡು ಭಯವಾಯಿತು. ಹರಿದೆ. ಹರಿದರೆ ತೀರಿತೇ? ನಾಳೆ ಮತ್ತೆ ಕೇಳುತ್ತಾರೆ.

17-1-1983, ಸೋಮವಾರ

ಸಂಕ್ರಾಂತಿ ಕಳೆದು ಹುಸೇನಮ್ಮ ಬಂದಳು. ಚೀಟಿ ಇಲ್ಲ, ಪುಸ್ತಕ ಇಲ್ಲ. ಹಾಸ್ಟೆಲಿನಲ್ಲಿ ಯಾರೂ ಅವಳ ಪಕ್ಕ ಊಟಕ್ಕೆ ಕೂರುತ್ತಿಲ್ಲವಂತೆ. ಬರುವ ಶನಿವಾರಕ್ಕೆ ತಂದೆಗೆ ಬರಹೇಳಿದ್ದಾರೆ.

"ನನ್ನ ಹೆಸರು ಯಾಕ ಬರದ್ರಿ ಸಾರ್? ನಿಮ್ಮ ಹೆಸರ್ಲೇ ತರಿಸಬಹುದಿತ್ತಲ್ರಿ."

ಫಲಾನುಭವಿಯ ಹೆಸರಿಲ್ಲದ ಅರ್ಜಿ ಊರ್ಜಿತವಲ್ಲ ಎಂದು ವಿವರಿಸಿದೆ. ತಂದೆಯ ಹೆಸರು, ಗ್ರಾಮ— ಇವೆಲ್ಲ ಗೌರವಕ್ಕಾಗಿ ಬರೆದದ್ದು.

"ಅದಕ್ಕ ಸೀದಾ ಮನಿಗೇ ಆಳು ಕಳಿಸ್ಯಾರ್ರಿ. ವಿಳಾಸ ಹುಡುಕೋ ಕೆಲಸಾನ ಇರಲಿಲ್ಲ."

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಾಗಿದ್ದರೆ ಲೇಸಿತ್ತು. ಹೋಗುವಾಗ ಬಾಗಿಲ ಬಳಿ ನಿಂತು, "ಭಾಷಣ ಬರದೀನ್ರಿ, ಇದ್ದದ್ರಾಗ. ಕಳಿಸ್ತೀನಿ" ಎಂದಳು.

ಕಾರ್ಡೊಂದು ಗೀಚಿ ಹಾಕಲು ಬಿಟ್ಟಿದ್ದರೆ ಕಟ್ಟು ಅವಳ ಕೈಗೇ ಬರುತ್ತಿತ್ತು. ಇದನ್ನು ಒಮ್ಮೆ ಬರೆದರೆ ಸಾಕು. ಮತ್ತೆ ಬರೆಯುವುದಿಲ್ಲ.

22-1-1983, ಶನಿವಾರ

ಭೀಮಲಿಂಗಪ್ಪನವರ ಕೋಣೆಯ ಹೊರಗಿನ ಬೆಂಚಿನ ಮೇಲೆ ಹುಸೇನಮ್ಮನ ತಂದೆ ಓಬಳೇಶ, ರುಮಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತ. "ಸ್ವಾಮಿ, ಹುಡುಗಿ ಏನ್ ಕದ್ದಾಳ್ರಿ?" ಎಂದು ಕೇಳಿದ. ಏನೂ ಇಲ್ಲವೆಂದೆ. ನಂಬಿದಂತೆ ಕಾಣಲಿಲ್ಲ. ಏನೂ ಇಲ್ಲದೆ ಯಾರೂ ಇಷ್ಟು ದೂರ ಕರೆಸುವುದಿಲ್ಲವಲ್ಲ.

ಒಳಗೆ ಹೇಳಿಕೆ ಟೈಪಾಗಿ ಸಿದ್ಧವಿತ್ತು. ಸಹಿಯೊಂದು ಬಾಕಿ. ಅದನ್ನು ಬದಿಗೆ ಸರಿಸಿ, ನನ್ನ ಜೇಬಿನಿಂದ ನನ್ನದನ್ನು ತೆಗೆದಿಟ್ಟೆ. ಮೂರೇ ಸಾಲು. "ಮದ್ರಾಸಿಗೆ ಹೋದ ಅರ್ಜಿ ನನ್ನ ಸ್ವಂತದ್ದು. ವಿದ್ಯಾರ್ಥಿನಿ ಅದನ್ನು ಕೇಳಿದ್ದಿಲ್ಲ. ಆಕೆಯ ಹೆಸರನ್ನು ಆಕೆಗೆ ತಿಳಿಸದೆ ಸೇರಿಸಿದವನು ನಾನು."

ಎರಡನೆಯ ಸಾಲು ಶುದ್ಧ ಸುಳ್ಳು. ನನ್ನ ಕೈಯಿಂದ ಬಂದ ಮೊದಲನೆಯದು. ಅಕ್ಷರ ನಡುಗಿಲ್ಲ, ನೋಡಿದೆ.

ಅವರು ಎರಡು ಬಾರಿ ಓದಿದರು. "ಈ ವಯಸ್ಸಿನಾಗ ನಿಮಗ ಈ ಸಂಗೀತದ ಹುಚ್ಚೇನ್ರಿ? ನಂಬೋ ಮಾತೇನ್ ರಾಯರ? ಹಂಗಾರ ಹೇಳ್ರಿ ನೋಡೋಣ, ಏನಿದು?"

ನಕಲು ತೆಗೆದದ್ದು ಮನಸ್ಸಿನಿಂದ ಹೋಗುವುದಿಲ್ಲ. ಹೇಳಿದೆ. ಅಮೆರಿಕದ ದಕ್ಷಿಣದಲ್ಲಿ ಹತ್ತಿ ಬಿಡಿಸುವ ಕರಿಯ ಕೂಲಿಗಳ ಹಾಡು. ಅವರ ದುಃಖದ ಹಾಡು, ಅವರ ಚರ್ಚಿನ ಹಾಡು. ಅದಕ್ಕೆ ಬಿಳಿಯರ ಹಳ್ಳಿಯ ಹಾಡೂ ಕೂಡಿತು. ಕೂಲಿಗಳು ಪಟ್ಟಣ ಸೇರಿದ ಮೇಲೆ ವಿದ್ಯುತ್ತಿನ ಗಿಟಾರು ಬಂದಿತು, ಮದ್ದಳೆ ಗಟ್ಟಿಯಾಯಿತು...

"ಹತ್ತಿ ಹೊಲದಾಗ?" ಎಂದರು.

"ಹತ್ತಿ ಹೊಲದಲ್ಲೇ."

ಆಚೆ ಮಿಲ್ಲಿನ ಲಾರಿ ಹೋಯಿತು. ನಂತರ, ಕಾಗದವನ್ನು ಫೈಲಿಗೆ ಸೇರಿಸುತ್ತ: "ಸರಿ. ಹುಡುಗಿ ಪರೀಕ್ಷೆ ಬರೀಲಿ. ನೀವು ಕೀಲಿ ಇಟ್ಟು ಹೋಗ್ರಿ. ಮಗನ ವಿಷಯ ಕಮಿಟಿ ನೋಡ್ತೈತಿ."

ಕಟ್ಟನ್ನು ಕೇಳಿದೆ. ಕೊಡಲಿಲ್ಲ.

ಹೊರಗೆ ಓಬಳೇಶನಿಗೆ, ಮಗಳು ಇಲ್ಲಿಯೇ ಇರುತ್ತಾಳೆ, ಊರಿಗೆ ಹೋಗು ಎಂದೆ. ರುಮಾಲು ಸುತ್ತಿಕೊಳ್ಳುತ್ತ, "ಹಂಗಾರ ಯಾಕ ಕರೆಸಿದ್ರ್ಯೋ ಏನೋ. ಕಡ್ಲಿ ಕೀಳೋದು ಬಿಟ್ಟು ಬಂದಿದ್ದೆ" ಎಂದು ಗೊಣಗಿದ.

24-1-1983, ಸೋಮವಾರ

ಮನೆಯಲ್ಲಿದ್ದೇನೆ. ಹತ್ತು ಗಂಟೆಗೆ ಎದ್ದು ಅಂಗಿ ತೊಟ್ಟುಕೊಂಡೆ, ಮತ್ತೆ ಬಿಚ್ಚಿದೆ. ಅಕ್ಕ ನೋಡಿದಳು. ಶನಿವಾರದಿಂದ ಮಾತಿಲ್ಲ. ತಟ್ಟೆ ಮುಂದಿಟ್ಟು ಒಳಗೆ ಹೋಗುತ್ತಾಳೆ. ಮನೆಯಲ್ಲಿ ನಾನು ಕೂರಬಹುದಾದ ಜಾಗ ಈ ಕಿಟಕಿಯ ಪಕ್ಕದ್ದು ಒಂದೇ. ಅಲ್ಲಿಂದ ಎದುರು ಮನೆಯ ಗೋಡೆ ಕಾಣುತ್ತದೆ.

ಮಧ್ಯಾಹ್ನ ಮರಿಬಸಪ್ಪ ಬಂದಿದ್ದ. ಹುಸೇನಮ್ಮ ಭಾಷಣವನ್ನು ರಿಜಿಸ್ಟರ್ ಪೋಸ್ಟ್ ಮಾಡಿದಳಂತೆ. "ನಿಮಗ ಹೇಳು ಅಂದ್ಳು. ಓದಿ ತೋರಿಸಿದ್ಳ್ರಿ ನನಗ. ಒಂದೂ ತಿಳೀಲಿಲ್ಲ. ಆದ್ರ ಕೇಳಾಕ ಜೋರೈತಿ" ಎಂದ. ಅಕ್ಕ ಅವನಿಗೆ ಚಹಾ ಕೊಟ್ಟಳು. ನನಗಿಲ್ಲ.

ಪ್ರಾಣೇಶ ಕಮಿಟಿಯ ಮುಂದೆ ಹೋಗಿದ್ದಾನೆ. ಹೊರಡುವಾಗ ನಾನು ಶನಿವಾರ ಬರೆದುಕೊಟ್ಟದ್ದರ ನಕಲನ್ನು ತೋರಿಸಿದೆ. ನಿಂತೇ ಓದಿದ. "ಇದರಾಗ ನನ್ನ ಹೆಸರು ಎಲ್ಲೂ ಇಲ್ಲಲ್ಲ ಅಪ್ಪಾ" ಎಂದ. ಮಡಚಿ, ನನ್ನ ಕೈಗೇ ಕೊಟ್ಟ.

ಸಂಜೆಯಾಯಿತು. ಗೇಟಿನ ಸಪ್ಪಳ. ಅವನೇ. ಚಪ್ಪಲಿ ಬಿಟ್ಟ. ಒಳಗೆ ಬರಲಿಲ್ಲ, ಕಟ್ಟೆಯ ಮೇಲೆ ಕೂತಂತೆ ಕಾಣುತ್ತದೆ. ಅಕ್ಕ ಅಡಿಗೆಮನೆಯಿಂದ ಹೊರಬಂದು ಬಾಗಿಲವರೆಗೆ ಹೋಗಿ ಹಾಗೆಯೇ ನಿಂತಿದ್ದಾಳೆ. ಏನಾಯಿತೆಂದು ಕೇಳತಕ್ಕವನು ನಾನು. ಲೇಖನಿ ಇಟ್ಟು, ಎದ್ದು ಹೋಗಿ ಕೇಳುತ್ತೇನೆ.