ಅಲಕಾ ಆರಿಸಿದ ರಾಡ್

ಅಲಕಾಳ ಅಪ್ಪನವರಿಗೆ ನಮಸ್ಕಾರಗಳು.

ನೀವು ತೀರಿಕೊಂಡು ಮೂರು ವರ್ಷ. ಅಂಬಡ್‌ನ ನಿಮ್ಮ ಗ್ಯಾರೇಜನ್ನು ಈಗ ಮಗಳೇ ನಡೆಸುತ್ತಾಳೆ. ನಮ್ಮ ಕಾರು ತಿರುವಿನಲ್ಲಿ ವಾಲಿ, ಮೂತಿ ಹೊರಗೆ ಓಡುತ್ತಿತ್ತಲ್ಲ, ಅದಕ್ಕೆ ವಾಲುವುದನ್ನು ತಡೆಯುವ ಸ್ವೇ ಬಾರ್ ಎಂಬ ರಾಡ್ ಬದಲಿಸಬೇಕಿತ್ತು.

"ಮಾಲಕರು ಮುಂದ ದಪ್ಪಂದು ಹಾಕ್ತಿದ್ರು. ನೀ ಏನ ಹೊಸಾದು ಹೇಳ್ತಿ?" ಎಂದ ನಿಮ್ಮ ಕಾಲದ ದತ್ತು ಮೇಸ್ತ್ರಿ, ಅಲಕಾಳಿಗೆ.

"ಮುಂದ ಬಿಗಿ ಮಾಡಿದ್ರ ಮೂತಿ ಇನ್ನೂ ಹೊರಗ ಓಡ್ತದ ಕಾಕಾ. ಹಿಂದ ಹಾಕೂಣು. ಭಾಳ ದಪ್ಪ ಬ್ಯಾಡ, ಹಿಂಭಾಗ ಜಾರ್ತದ."

ಮೂರು ದಪ್ಪದ ರಾಡುಗಳಲ್ಲಿ ನಡುವಿನದನ್ನು ಆರಿಸಿ, ತಾನೇ ಕಾರಿನಡಿ ಮಲಗಿ ಬಿಗಿದಳು.

ನಿನ್ನೆ ತ್ರ್ಯಂಬಕದ ಗೋದಾವರಿ ನೀರನ್ನು ತಂಬಿಗೆಯಲ್ಲಿ ವೇರೂಳದ ಘೃಷ್ಣೇಶ್ವರನಿಗೆ ಒಯ್ದೆವು. ಆ ತಂಬಿಗೆಯನ್ನು ದಾರಿಯಲ್ಲಿ ಕೆಳಗಿಡಬಾರದು, ನಿಮಗೆ ಗೊತ್ತು. ಮೊದಲೆಲ್ಲ ನನ್ನ ಒಂದು ಕೈ ತಂಬಿಗೆಗೆ, ಇನ್ನೊಂದು ಕಾರಿನ ಬಾಗಿಲಿಗೆ. ನಿನ್ನೆ ಔರಂಗಾಬಾದ್ ದಾಟಿ ಖುಲ್ತಾಬಾದಿನ ಘಾಟ್‌ನ ತಿರುವುಗಳನ್ನು ಇಳಿಯುವಾಗಲೂ ಎರಡೂ ಕೈ ತಂಬಿಗೆಯ ಮೇಲೇ ಇದ್ದವು.

ಅಭಿಷೇಕದ ಸಂಕಲ್ಪ ಯಾರ ಹೆಸರಿನಲ್ಲಿ ಎಂದು ಗುಡಿಯ ಗುರುಗಳು ಕೇಳಿದರು. ಯಾವಾಗಲೂ ನಿಮ್ಮ ಹೆಸರಿನಲ್ಲೇ ಆಗುತ್ತಿತ್ತು.

ಹನ್ನೆರಡು ವರ್ಷದ ಮಗಳ ಕೈಯಿಂದ ನೀವು ಬೋಲ್ಟ್ ಬಿಗಿಯುವ ಪಾನಾ ಕಸಿದುಕೊಂಡು, ಒಲೆಯ ಕಡೆಗೆ ಬೆರಳು ತೋರಿಸಿದ ದಿನ, ನಾನು ಬಾಗಿಲಲ್ಲೇ ಸುಮ್ಮನೆ ನಿಂತಿದ್ದೆ.

ನಿನ್ನೆ ಗುಡಿಯೆಲ್ಲ ಕೇಳುವಂತೆ ಹೇಳಿದೆ: "ಅಲಕಾ."