ಕಾಯಿ ಒಡೆಯದ ಬೈಕು

ಪ್ರವೀತಣ್ಣ,

ಇವತ್ತು ಶೋರೂಮಿನಿಂದ ನಿನ್ನನ್ನು ಕೇಳಿ ಫೋನ್ ಬಂತು. ನೀನು ತೆಗೆದುಕೊಂಡ 2012ರ ಮಾಡೆಲಿನ ಬೈಕಿನಲ್ಲಿ ಹ್ಯಾಂಡಲ್ ತಿರುಗಿಸುವಾಗ ಆಕ್ಸಿಲರೇಟರ್ ಕೇಬಲ್ ಸಿಕ್ಕಿಹಾಕಿಕೊಳ್ಳುತ್ತದಂತೆ.

"ಕಂಪನಿಯದ್ದೇ ತಪ್ಪು ಮೇಡಂ, ಫ್ರೀಯಾಗಿ ಬದಲಿಸಿ ಕೊಡ್ತೇವೆ. ಅವರಿಗೆ ಗಾಡಿ ತರ್ಲಿಕ್ಕೆ ಹೇಳಿ" ಎಂದಳು ಅಲ್ಲಿಯ ಹುಡುಗಿ. ಹೇಳುತ್ತೇನೆ ಎಂದೆ. ಬೇರೆ ಎಂತ ಹೇಳುವುದು?

ಅಪ್ಪ ಅಂಗಳದಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದರು. ಹೊಸ ಬೈಕನ್ನು ದೈವದ ಕಟ್ಟೆಯ ಎದುರು ನಿಲ್ಲಿಸಿ ಕಾಯಿ ಒಡೆಯದೆ ನೀನು ಸೀದಾ ಅಡೂರಿಗೆ ಹೊರಟೆಯಲ್ಲ, ಅದಕ್ಕೇ ಆ ತಿರುವಿನಲ್ಲಿ ನಿನ್ನ ಜೀವ ಹೋಯಿತು ಎಂದೇ ಅವರು ಇಷ್ಟು ವರ್ಷ ನಂಬಿದ್ದು. ಪ್ರತಿ ಸಂಕ್ರಮಣಕ್ಕೆ ಕಟ್ಟೆಗೆ ಹೋಗಿ, ನಿನ್ನ ಹೆಸರು ಹೇಳಿ ತಪ್ಪುಕಾಣಿಕೆ ಇಡುತ್ತಾರೆ. ಇವತ್ತೂ ಸಂಕ್ರಮಣ.

ಫೋನಿನ ವಿಷಯ ಹೇಳಿದೆ. ಅವರು ಕೈಯಲ್ಲಿದ್ದ ಕಾಯಿಯನ್ನು ಪೂರ್ತಿ ಸುಲಿದು ಬದಿಗಿಟ್ಟರು.

"ಹಾಗಾದ್ರೆ ಅವನ ತಪ್ಪು ಎಂತದೂ ಇಲ್ಲ, ಅಲ್ವಾ ಭವ್ಯಾ?"

"ಇಲ್ಲ ಅಪ್ಪ."

ಇನ್ನು ಅಪ್ಪ ಕಟ್ಟೆಗೆ ಹೋಗಲಿಕ್ಕಿಲ್ಲ ಎಂದುಕೊಂಡೆ. ಆದರೆ ಸಂಜೆ ಮಿಂದು, ಅಂಗಿ ಹಾಕಿಕೊಂಡು ಹೊರಟರು. ನಾನೂ ಜೊತೆಗೆ ಹೋದೆ.

ಯಾವಾಗಿನಂತೆಯೇ ಕೈಮುಗಿದು ನಿಂತು ತಪ್ಪುಕಾಣಿಕೆ ಇಟ್ಟರು. ಈ ಸಲ ನಿನ್ನ ಹೆಸರು ಹೇಳಲಿಲ್ಲ. ತಮ್ಮದನ್ನು ಹೇಳಿದರು.